ಚರಂಡಿಗೆ ಸುರಿದ ಔಷಧಿ

ಬೊಂಬಾಯಿಯಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದ ಸೊಸೆಗೆ ಏನಾಗಿತ್ತು ಎಂದು ಕೇಳಿದವರಿಗೆಲ್ಲ ಸರ್ವರ್ ಬೀ ಒಂದೇ ಉತ್ತರ ಕೊಟ್ಟಳು: ಗರ್ಭಕೋಶದಲ್ಲಿ ಗಡ್ಡೆ ಇತ್ತು, ತೆಗೆಸಿದೆವು. ಗಡ್ಡೆಯೂ ಇರಲಿಲ್ಲ, ಗರ್ಭಕೋಶವನ್ನು ಯಾರೂ ಮುಟ್ಟಿಯೂ ಇರಲಿಲ್ಲ. ಡಾಕ್ಟರು ಕೈ ಹಾಕಿದ್ದು ಕರುಳಿಗೆ. ಮೈಯ ದಪ್ಪ ಇಳಿಸುವುದಕ್ಕೆ ಹೊಟ್ಟೆ ಕೊಯ್ಸಿಕೊಂಡಳು ಎಂದರೆ ಶಿರಾಳಕೊಪ್ಪದಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಎಂಬುದು ಸರ್ವರ್ ಬೀಯ ಚಿಂತೆ. ಸೊಸೆ ಅಫ್ಸರ್ ಬೇಗಂ ಕೂಡ ಆ ಸುಳ್ಳಿನ ಮರೆಯಲ್ಲಿ ನೆಮ್ಮದಿಯಾಗಿಯೇ ಇದ್ದಳು.

ಅಫ್ಸರಳ ಗಂಡ ಹಬೀಬುಲ್ಲಾನದು ಹಾಸಿಗೆ, ಕಂಬಳಿಗಳ ಅಂಗಡಿ. ಮನೆಯ ಮುಂಭಾಗದಲ್ಲೇ ಅಂಗಡಿ, ಹಿಂದೆ ನಡುಮನೆ, ಅದರ ಹಿಂದೆ ಹಿತ್ತಿಲು. ಎರಡನೆಯ ಹೆರಿಗೆಯಾದ ಮೇಲೆ ಅಫ್ಸರಳ ಮೈ ಬೆಳೆಯತೊಡಗಿದ್ದು ನಿಲ್ಲಲೇ ಇಲ್ಲ. ಮೊದಮೊದಲು ಅದು ಮನೆಯವರಿಗೆ ಹೆಮ್ಮೆ. ಉಣ್ಣಲು ಉಡಲು ಕಡಿಮೆಯಿಲ್ಲದ ಮನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಆಮೇಲೆ ನೆಲದಿಂದ ಏಳಲು ಇಬ್ಬರು ಕೈ ಕೊಡಬೇಕಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕುಳಿತೇ ನಿದ್ದೆ. ಒಮ್ಮೆ ತವರಿಗೆ ಹೋಗುವಾಗ ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡಳು. ಹಿಂದಿನಿಂದ ಕಂಡಕ್ಟರು ತಳ್ಳಿದ, ಒಳಗಿನಿಂದ ಹೆಂಗಸರು ಎಳೆದರು, ಇಡೀ ಬಸ್ಸು ನಕ್ಕಿತು. ಅಂದಿನಿಂದ ಅವಳು ಹೊಸ್ತಿಲು ದಾಟಲಿಲ್ಲ. ಬೊಂಬಾಯಿಯಲ್ಲಿದ್ದ ಹಬೀಬುಲ್ಲಾನ ಚಿಕ್ಕಪ್ಪನ ಮಗ ಅಜಮತ್ ಉಲ್ಲಾ ಬಂದವನು ಇವಳನ್ನು ನೋಡಿ ಗಾಬರಿಯಾದ. ಅಮೆರಿಕದಲ್ಲಿ ಕಲಿತು ಬಂದ ಡಾಕ್ಟರೊಬ್ಬರು ಅಲ್ಲಿ ಇಂಥವರಿಗೆಂದೇ ಹೊಸ ಆಪರೇಷನ್ ಮಾಡುತ್ತಾರೆಂದು ಹೇಳಿ, ತಾನೇ ಮುಂದೆ ನಿಂತು ಕರೆದೊಯ್ದ. ಅದು ಎಪ್ಪತ್ತಾರನೆಯ ಇಸವಿಯ ಬೇಸಿಗೆ.

ಡಾಕ್ಟರು ಕರುಳಿನ ಬಹುಪಾಲನ್ನು ಬದಿಗಿಟ್ಟು, ಮೊದಲಿನ ತುಂಡನ್ನು ಕೊನೆಯ ತುಂಡಿಗೆ ಹೊಲಿದಿದ್ದರು. ತಿಂದದ್ದು ಮೈಗೆ ಹತ್ತುವ ಮೊದಲೇ ದಾಟಿ ಹೋಗುತ್ತದೆ, ಹಾಗಾಗಿ ಮೈ ಇಳಿಯುತ್ತದೆ ಎಂದು ವಿವರಿಸಿ, ಕಳಿಸಿಕೊಡುವಾಗ ಇನ್ನೊಂದು ಮಾತನ್ನೂ ಹೇಳಿದ್ದರು. "ಅಮ್ಮಾ, ನನ್ನ ಕೆಲಸ ಮುಗೀತು, ನಿಮ್ಮದು ಈಗ ಶುರು. ಎಣ್ಣೆ, ತುಪ್ಪ, ಸಿಹಿ ಬೇಡ. ಸ್ವಲ್ಪ ಸ್ವಲ್ಪ ಉಣ್ಣಿ. ಮೈಯೊಳಗಿನ ಉಪ್ಪು ಸೋರಿ ಹೋಗ್ತದೆ, ಅದಕ್ಕೆ ಈ ಔಷಧಿ. ಇದನ್ನ ಒಂದು ದಿನ ಕೂಡ ಬಿಡಬಾರದು. ಬಿಟ್ಟರೆ ಮೊದಲು ಕಾಲು ಬೀಳ್ತದೆ, ಆಮೇಲೆ ಎದೆ ನಿಲ್ತದೆ."

ಅಫ್ಸರ್ ತಲೆಯಾಡಿಸಿದ್ದಳು. ಬೊಂಬಾಯಿಯಲ್ಲಿ ಕುಳಿತು ತಲೆಯಾಡಿಸುವುದು ಸುಲಭವಿತ್ತು.

ಮನೆಗೆ ಬಂದ ಮೇಲೆ ಮೈ ಇಳಿಯಿತು. ಬೆಣ್ಣೆ ಕರಗಿದ ಹಾಗೆ ಇಳಿಯಿತು. ರಂಜಾನ್ ಬರುವ ಹೊತ್ತಿಗೆ ಹಳೆಯ ಕುಪ್ಪಸಗಳು ಜೋತಾಡುತ್ತಿದ್ದವು, ತೋಳಿನ ಚರ್ಮ ಖಾಲಿ ಚೀಲದಂತೆ ತೂಗುತ್ತಿತ್ತು. ಆದರೆ ಹಸಿವು ಎಳ್ಳಷ್ಟೂ ಇಳಿಯಲಿಲ್ಲ. ಹಿಂದಿನ ಹಾಗೆಯೇ ಹೊಟ್ಟೆ ಕೂಗುತ್ತಿತ್ತು. ಸರ್ವರ್ ಬೀಗೆ ಸೊಸೆ ಸೊರಗುವುದನ್ನು ನೋಡಲಾಗುತ್ತಿರಲಿಲ್ಲ. "ಟೀಬಿ ಬಂದವಳ ಹಾಗೆ ಕಾಣ್ತೀಯಲ್ಲೇ, ನೆರೆಯವರು ನಾನು ಅನ್ನ ಹಾಕೋದಿಲ್ಲ ಅಂತಾರೆ" ಎಂದು ಬಟ್ಟಲಿಗೆ ಒಂದು ಸೌಟು ಹೆಚ್ಚೇ ಬಡಿಸುತ್ತಿದ್ದಳು. ಅಫ್ಸರ್ ಬೇಡ ಎನ್ನುತ್ತಿದ್ದಳು, ತಿನ್ನುತ್ತಿದ್ದಳು. ತಿಂದ ಗಳಿಗೆಗೆ ಹಿತ್ತಿಲ ಪಾಯಖಾನೆಗೆ ಓಟ. ದಿನದಲ್ಲಿ ಎಷ್ಟು ಸಲ ಎಂದು ಅವಳಿಗೇ ಲೆಕ್ಕ ತಪ್ಪಿತ್ತು. ಕೆಳಗೆಲ್ಲ ಹುಣ್ಣಾಗಿ ಕುಳಿತುಕೊಳ್ಳುವುದೇ ಕಷ್ಟ. ಬಾಗಿಲ ಹೊರಗೆ ಮಕ್ಕಳು ಮೂಗು ಮುಚ್ಚಿಕೊಂಡದ್ದು ಒಮ್ಮೆ ಸಂದಿಯಿಂದ ಕಂಡಿತು. ಅವು ಅವಳವೇ ಮಕ್ಕಳು.

ಉಪ್ಪಿನ ಔಷಧಿಯಂತೂ ಗಂಟಲಿಗಿಳಿದರೆ ಸುಡುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಕುಡಿದ ಮೇಲೆ ಓಟ ಇನ್ನೂ ಹೆಚ್ಚುತ್ತದೆ ಎಂದು ಅವಳಿಗೆ ಅನಿಸತೊಡಗಿತು. ಒಂದು ದಿನ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನಿಂತು, ಅಳೆದ ಔಷಧಿಯನ್ನು ಚರಂಡಿಗೆ ಸುರಿದಳು. ಏನೂ ಆಗಲಿಲ್ಲ. ಮರುದಿನವೂ ಸುರಿದಳು. ಶಿವಮೊಗ್ಗದಿಂದ ಕಷ್ಟಪಟ್ಟು ಸೀಸೆ ತರಿಸುತ್ತಿದ್ದ ಹಬೀಬುಲ್ಲಾ "ಔಷಧಿ ಆಯ್ತಾ?" ಎಂದು ಅಂಗಡಿಯಿಂದಲೇ ಕೂಗಿ ಕೇಳಿದರೆ "ಆಯ್ತು" ಎನ್ನುತ್ತಿದ್ದಳು. ಸೀಸೆಗಳು ಸರಿಯಾಗಿ ಖಾಲಿಯಾಗುತ್ತಿದ್ದುದರಿಂದ ಅವನಿಗೆ ಅನುಮಾನ ಬರಲು ಕಾರಣವಿರಲಿಲ್ಲ.

ಸೊರಬದ ಕಡೆಯಿಂದ, ಕ್ಯಾಸನೂರಿಗೆ ಹತ್ತಿರದ ಒಂದು ಹಳ್ಳಿಯಿಂದ, ದ್ಯಾಮಮ್ಮ ಎಂಬ ಹೆಂಗಸು ಸಂತೆಯ ದಿನ ಕಂಬಳಿ ಹೊತ್ತು ತರುತ್ತಿದ್ದಳು. ಕುರಿ ಸಾಕುವ ಮನೆ ಅವರದು. ಕಂಬಳಿಗಳನ್ನು ಹಬೀಬುಲ್ಲಾನಿಗೆ ಒಪ್ಪಿಸಿ, ಹಿತ್ತಿಲ ಬಾವಿಯ ಪಕ್ಕ ಬುತ್ತಿ ಬಿಚ್ಚಿ ಉಂಡು, ಬಸ್ಸು ಹಿಡಿಯುವುದು ಅವಳ ವಾಡಿಕೆ. ಕಡ್ಡಿಯಂಥ ಮೈ, ದೊಡ್ಡ ದನಿ. ಅವಳು ಉಣ್ಣುವ ರೀತಿಯನ್ನು ಅಫ್ಸರ್ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದಳು. ರೊಟ್ಟಿಯ ಚೂರೊಂದನ್ನು ಬಾಯಿಗಿಟ್ಟು ಅಗಿದೇ ಅಗಿಯುವಳು. ಅರ್ಧ ರೊಟ್ಟಿಗೆ ಕೈ ತೊಳೆದು ಉಳಿದದ್ದನ್ನು ಕಟ್ಟಿಡುವಳು. ಬಸ್ಸು ಹತ್ತುವ ಮುಂಚೆ ಮತ್ತೆ ಬಿಚ್ಚಿ ಇನ್ನೊಂದು ಚೂರು.

ಬಕ್ರೀದ್ ಕಳೆದ ಮೇಲಿನ ಒಂದು ಸಂತೆಯ ದಿನ ಅಫ್ಸರ್ ಪಾಯಖಾನೆಯಿಂದ ಹೊರಬಂದವಳು ಕಣ್ಣು ಕತ್ತಲಿಟ್ಟು ಬಾವಿಕಟ್ಟೆ ಹಿಡಿದುಕೊಂಡಳು. ದ್ಯಾಮಮ್ಮ ಎದ್ದು ಬಂದು ಹಿಡಿದು ಕೂರಿಸಿದಳು. ಸೆರಗು ಸರಿದಾಗ ಹೊಟ್ಟೆಯ ಮೇಲಿನ ಉದ್ದನೆಯ ಗಾಯದ ಗೆರೆ ಅವಳ ಕಣ್ಣಿಗೆ ಬಿತ್ತು.

"ಬೂಬಮ್ಮಾ, ಇದು ಗರ್ಭಕೋಶದ ಗೆರೆ ಅಲ್ಲ" ಎಂದಳು. "ನಂಗೂ ಇಲ್ಲೇ ಐತೆ."

ತನ್ನ ಸೀರೆಯ ಸೆರಗನ್ನು ಒಂದಿಷ್ಟು ಸರಿಸಿ ತೋರಿಸಿದಳು. ಎದೆಗೂಡಿನ ಕೆಳಗಿನಿಂದ ಹೊಕ್ಕುಳವರೆಗೆ ಇಳಿದ ಗೆರೆ. ಹೊಟ್ಟೆಹುಣ್ಣು ಒಡೆದು ಸಾಯುವ ಹಾಗಾಗಿ, ಶಿವಮೊಗ್ಗದಲ್ಲಿ ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದಿದ್ದರಂತೆ. "ಹಿಡಿ ಅನ್ನಕ್ಕೆ ಜಾಗ ಉಳಿದೈತೆ. ಹೆಚ್ಚು ತಿಂದ್ರೆ, ಬೆಲ್ಲ ತಿಂದ್ರೆ, ಬೆವರು ಕಿತ್ತು ಬಿದ್ದುಬಿಡ್ತೀನಿ. ಮನೆಯಾಗೆ ಯಾರಿಗೂ ಅರ್ಥ ಆಗಾದಿಲ್ಲ. ಮೈದುನನ ಹೆಂಡ್ತಿ, ಇವ್ಳದ್ದು ಬರೀ ಸೋಗು ಅಂತಾಳೆ."

ಅಫ್ಸರ್ ಅತ್ತಳು. ಆಪರೇಷನ್ನಿನ ಬಗ್ಗೆ ನಿಜ ಹೇಳಿದ್ದು ಅದೇ ಮೊದಲು. ಹೇಳುತ್ತ ಹೋದ ಹಾಗೆ ಬಸ್ಸಿನ ಬಾಗಿಲು, ನಗು, ಮಕ್ಕಳು ಮೂಗು ಮುಚ್ಚಿದ್ದು ಎಲ್ಲ ಹೊರಬಿತ್ತು. ದ್ಯಾಮಮ್ಮ ಅಯ್ಯೋ ಎನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಇವತ್ತು ಏನೇನು ತಿಂದ್ರಿ?" ಎಂದು ಕೇಳಿದಳು.

"ಎರಡು ಪರಾಟ. ನಿನ್ನೆಯ ಕುರ್ಮಾ."

"ಯಾಕೆ?"

ಯಾಕೆ ಎಂದು ಅವಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ತಿನ್ನು ಎನ್ನುವವರಿದ್ದರು, ತಿನ್ನಬೇಡ ಎನ್ನುವವರಿದ್ದರು. ಅಫ್ಸರ್ ದ್ಯಾಮಮ್ಮನ ಬಾಯಿ ನೋಡಿದಳು. ಅಲ್ಲಿ ಕೆಂಪಗೆ ಏನೋ ಇತ್ತು.

"ನಿಮಗೆ ಎಲೆ, ತಂಬಾಕು ತಿನ್ನಬಹುದಾ ದ್ಯಾಮಕ್ಕ?"

ದ್ಯಾಮಮ್ಮ ಪಕ್ಕಕ್ಕೆ ಉಗುಳಿದಳು. "ತಿನ್ನಬಾರ್ದು. ಡಾಕ್ಟರು ಬೈದಿದ್ರು."

ಅಂದಿನಿಂದ ಸಂತೆಯ ದಿನ ಬಾವಿಯ ಪಕ್ಕ ಇಬ್ಬರೂ ಕೂರುವುದು ರೂಢಿಯಾಯಿತು. ಒಬ್ಬಳು ತಿಂದದ್ದನ್ನು ಇನ್ನೊಬ್ಬಳಿಗೆ ಹೇಳಬೇಕು, ಮುಚ್ಚಿಡಬಾರದು. ದ್ಯಾಮಮ್ಮ ಬೈಯುತ್ತಿದ್ದಳು, ಬೈಸಿಕೊಳ್ಳುತ್ತಲೂ ಇದ್ದಳು; ಬೈಸಿಕೊಂಡು ಬೈಸಿಕೊಂಡೇ ತಂಬಾಕು ಬಿಟ್ಟಳು. ಆ ಒಂದು ದಿನಕ್ಕೆ ಹೆದರಿ ಅಫ್ಸರ್ ಉಳಿದ ದಿನಗಳಲ್ಲಿ ಎಣ್ಣೆಯ ಬಟ್ಟಲನ್ನು ದೂರ ಸರಿಸಲು ಕಲಿತಳು. ಓಟ ಅಷ್ಟಿಷ್ಟು ಕಡಿಮೆಯಾಯಿತು. ಔಷಧಿಯ ವಿಷಯವೊಂದನ್ನು ಮಾತ್ರ ಅವಳು ಹೇಳಿರಲಿಲ್ಲ. ಕೊನೆಗೊಂದು ದಿನ ಅದೂ ಬಾಯಿಂದ ಜಾರಿತು. ಯಾರಿಗೂ ಹೇಳಕೂಡದು ಎಂದು ದ್ಯಾಮಮ್ಮನ ಕೈ ಹಿಡಿದು ಆಣೆ ಹಾಕಿಸಿಕೊಂಡಳು.

ಆಣೆ ಹಾಕಿದ ದ್ಯಾಮಮ್ಮನ ಮುಖ ಗಂಟಿಕ್ಕಿತು. "ಬೂಬಮ್ಮಾ, ಊಟದ ಮಾತು ಬೇರೆ, ಇದು ಬೇರೆ. ಇವತ್ತಿಂದ ಕುಡೀರಿ. ಮುಂದಿನ ಸಂತೆಗೆ ಬಂದಾಗ ನನ್ನೆದುರಿಗೇ ಕುಡೀಬೇಕು."

ಮುಂದಿನ ಸಂತೆಯ ದಿನ ಅಫ್ಸರ್ ಕೋಣೆಯಿಂದ ಹೊರಬರಲಿಲ್ಲ. ಮಲಗಿದ್ದಾಳೆಂದು ಹೇಳಿಸಿದಳು. ಅದರ ಮುಂದಿನ ಸಂತೆಗೂ ಹಾಗೆಯೇ. ಗೋಡೆಯ ಆಚೆ ದ್ಯಾಮಮ್ಮನ ದೊಡ್ಡ ದನಿ ಅಂಗಡಿಯಲ್ಲಿ ಕಂಬಳಿಯ ಮಾತಾಡುವುದು ಕೇಳಿದಾಗ ಉಸಿರು ಹಿಡಿದು ಕುಳಿತಳು. ದನಿ ದೂರವಾದಾಗ ಹಗುರವೆನಿಸಿತು. ಯಾರ ಭಯವೂ ಇಲ್ಲದ ಆ ವಾರಗಳಲ್ಲಿ ನಾದಿನಿಯ ಮದುವೆ ಬಂತು. ಮನೆಯ ತುಂಬ ನೆಂಟರು, ಅಂಗಳದಲ್ಲಿ ಬಿರಿಯಾನಿಯ ದೊಡ್ಡ ಹಂಡೆ, ದೇಗಿನ ಒಲೆ. ಅಫ್ಸರ್ ಎಲ್ಲರ ಜೊತೆ ಕೂತು ಬಿರಿಯಾನಿ ಉಂಡಳು, ಸಿಹಿ ಮೀಠಾವನ್ನೂ ಉಂಡಳು. ತೆಳ್ಳಗಾಗಿದ್ದೀಯ, ಚೆಂದ ಕಾಣ್ತೀಯ ಎಂದರು. ಆ ಸಂತೋಷಕ್ಕೆ ಇನ್ನಷ್ಟು ಉಂಡಳು. ಮದುವೆ ಮುಗಿಯುವ ತನಕ ಹಿತ್ತಿಲಿಗೂ ಕೋಣೆಗೂ ಅಲೆದಾಡಿದಳು.

ನೆಂಟರು ಹೊರಟು ಹೋದ ಮೇಲೆ, ಒಂದು ಬೆಳಿಗ್ಗೆ, ಹಾಸಿಗೆಯಿಂದ ಕಾಲು ಎತ್ತಲು ಹೋದಳು. ಕಾಲು ಏಳಲಿಲ್ಲ.

ಜೋಮು ಹಿಡಿದಿದೆ ಎಂದುಕೊಂಡು ತೊಡೆಯನ್ನು ಚಿವುಟಿದಳು. ನೋವು ಗೊತ್ತಾಯಿತು, ಆದರೆ ಕಾಲು ಮಾತು ಕೇಳಲಿಲ್ಲ. ಗಂಡನನ್ನು ಕೂಗಿದಳು. ಹಬೀಬುಲ್ಲಾ ಎತ್ತಿ ನಿಲ್ಲಿಸಿದರೆ ಒದ್ದೆ ಬಟ್ಟೆಯಂತೆ ಕುಸಿದಳು. ಬಿಸಿಲೇರುವ ಹೊತ್ತಿಗೆ ಕೈಗಳೂ ಭಾರವಾದವು. ಎದೆಯೊಳಗೆ ಏನೋ ತಪ್ಪು ತಪ್ಪಾಗಿ ಬಡಿಯುತ್ತಿತ್ತು. ಬಡಿದು, ತಡೆದು, ಮತ್ತೆ ಬಡಿಯುತ್ತಿತ್ತು. ಬೊಂಬಾಯಿಯ ಡಾಕ್ಟರ ಮಾತು ಅವಳಿಗೆ ಒಂದೊಂದು ಅಕ್ಷರವೂ ನೆನಪಿಗೆ ಬಂತು. ಆದರೆ ಬಾಯಿ ಬಿಡಲಿಲ್ಲ. ಬಿಟ್ಟರೆ ಅಷ್ಟು ತಿಂಗಳ ಸುಳ್ಳನ್ನೂ ಬಿಚ್ಚಬೇಕು.

"ಮದುವೆ ಮನೆಯಲ್ಲಿ ಯಾರದೋ ಕಣ್ಣು ಬಿದ್ದಿದೆ" ಎಂದಳು ಸರ್ವರ್ ಬೀ. ತಾಯಿತ ತರಲು ಆಳು ಓಡಿದ. ಸೊಸೆಯನ್ನು ದರ್ಗಾಕ್ಕೆ ಒಯ್ಯಲು ಗಾಡಿ ಹೂಡಿಸುವ ಮಾತೂ ಆಯಿತು. ಪಕ್ಕದ ಮನೆಯ ವಲೀಸಾಬ್ ಇಣುಕಿ ನೋಡಿ ಬೇರೆಯೇ ಹುಳ ಬಿಟ್ಟ. ಆ ವರ್ಷ ಸೊರಬದ ಕಾಡಂಚಿನಲ್ಲಿ ಮಂಗಗಳು ಸಾಯುತ್ತಿದ್ದವು, ಜನರಿಗೆ ಜ್ವರ ಬರುತ್ತಿತ್ತು. "ಕ್ಯಾಸನೂರಿನ ಕಡೆಯ ಆ ಕಂಬಳಿಯವಳು ನಿಮ್ಮ ಹಿತ್ತಿಲಲ್ಲೇ ಕೂರ್ತಿದ್ದಳಲ್ಲ? ಮಂಗನ ಕಾಯಿಲೆ ಹೊತ್ತು ತಂದಿದ್ದಾಳೆ ನೋಡಿ." ಮೈ ಮುಟ್ಟಿ ಜ್ವರವಿದೆಯೇ ಎಂದು ಯಾರೂ ನೋಡಲಿಲ್ಲ. ಮಾತು ಕೇಳಿದವರು ಎರಡು ಹೆಜ್ಜೆ ಹಿಂದೆ ಸರಿದರು.

ಅಂದೇ ಸಂತೆ. ಕಂಬಳಿಯ ಗಂಟು ಹೊತ್ತ ದ್ಯಾಮಮ್ಮ ಅಂಗಡಿಯ ಮೆಟ್ಟಿಲಿಗೆ ಬರುತ್ತಲೇ ಸರ್ವರ್ ಬೀ ಬಾಗಿಲಿಗೆ ಅಡ್ಡ ನಿಂತಳು.

"ಒಳಗೆ ಕಾಲಿಡಬೇಡ. ಸೊಸೆಯ ಕೈಕಾಲು ಬಿದ್ದಿದಾವೆ. ನಿಮ್ಮೂರ ರೋಗ ನಮ್ಮನೆಗೆ ತಂದೆ ನೀನು."

ಗೋಡೆಯಾಚೆ ಮಲಗಿದ್ದ ಅಫ್ಸರಳಿಗೆ ಎಲ್ಲವೂ ಕೇಳುತ್ತಿತ್ತು. ದ್ಯಾಮಮ್ಮ ಗಂಟನ್ನು ಇಳಿಸಿದ ಸದ್ದೂ ಕೇಳಿತು.

"ಕಾಲು ಬಿದ್ದಾವಾ? ಅಮ್ಮಾರೇ, ನನ್ನ ಒಳಗೆ ಬಿಡಬ್ಯಾಡ್ರಿ, ಸಾಬ್ರನ್ನ ಕರೀರಿ. ಒಂದು ಮಾತು ಹೇಳಬೇಕು."

"ದರ್ಗಾಕ್ಕೆ ಹೊರಟಿದ್ದೇವೆ, ಅವನಿಗೆ ಪುರುಸೊತ್ತಿಲ್ಲ. ಹೋಗು."

ಹೋಗಲಿ, ಎಂದು ಅಫ್ಸರ್ ಕಣ್ಣು ಮುಚ್ಚಿದಳು. ಹೋಗಬಾರದು ಎಂದೂ ಅನ್ನಿಸಿತು. ಎದೆ ಒಂದು ಬಡಿತ ತಪ್ಪಿಸಿತು. ಬೀದಿಯಲ್ಲಿ ಸಂತೆಯ ಜನ ನಿಂತು ನೋಡುತ್ತಿರುವ ಗುಜುಗುಜು. ಆಗ ಕುರಿ ಹಿಂಡನ್ನು ಗುಡ್ಡದಿಂದ ಕರೆಯುವ ದನಿಯಲ್ಲಿ ದ್ಯಾಮಮ್ಮ ಕೂಗಿದಳು.

"ಸಾಬ್ರೇ! ಬೂಬಮ್ಮ ಔಷಧಿ ಕುಡೀತಿಲ್ಲ! ಬೊಂಬಾಯಿ ಔಷಧೀನ ಚರಂಡಿಗೆ ಸುರೀತಾರೆ! ಇದು ಮಂಗನ ಕಾಯಿಲೆ ಅಲ್ಲ, ಕರುಳು ಕೊಯ್ದಿದ್ದಕ್ಕೆ ಆಗಿರಾದು! ಆಸ್ಪತ್ರೆಗೆ ಒಯ್ಯಿರಿ, ಸಾಬ್ರೇ, ದರ್ಗಾಕ್ಕಲ್ಲ!"

ಹಬೀಬುಲ್ಲಾ ಕೋಣೆಗೆ ಬಂದು ಹೆಂಡತಿಯ ಪಕ್ಕ ಮಂಡಿಯೂರಿದ. ಅವನ ಗಡ್ಡದಲ್ಲಿ ಹತ್ತಿಯ ಎಳೆಗಳಿದ್ದವು.

"ಅಫ್ಸರ್, ಅವಳು ಹೇಳಿದ್ದು ನಿಜವಾ?"

ಇಲ್ಲ ಎನ್ನಲು ಆಗಲೂ ಅವಕಾಶವಿತ್ತು. ಇಲ್ಲ ಎಂದಿದ್ದರೆ ಅವನು ನಂಬುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಅವನು ನಂಬುತ್ತಲೇ ಬಂದಿದ್ದ. ಅಫ್ಸರಳ ನಾಲಗೆ ದಪ್ಪಗಾಗಿತ್ತು. "ಹೂಂ," ಎಂದಳು. "ತುಂಬ ದಿನದಿಂದ."

ಬಾಡಿಗೆ ಕಾರಿನಲ್ಲಿ ಶಿಕಾರಿಪುರದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಹಬೀಬುಲ್ಲಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಪ್ರತಿ ಹಳ್ಳಕ್ಕೂ ಕಾರು ಎಗರಿದಾಗ ಎದೆ ನಿಂತೇ ಹೋಯಿತು ಎಂದುಕೊಳ್ಳುತ್ತಿದ್ದಳು ಅಫ್ಸರ್. ಆಸ್ಪತ್ರೆಯ ಡಾಕ್ಟರು ಯಾವ ಆಪರೇಷನ್, ಯಾವ ಔಷಧಿ, ಎಂದಿನಿಂದ ಬಿಟ್ಟಿದ್ದು ಎಂದು ಒಂದೊಂದಾಗಿ ಕೇಳಿದರು. ಈ ಸಲ ಹಬೀಬುಲ್ಲಾ ಸರಿಯಾದ ಉತ್ತರ ಕೊಟ್ಟ. ಡಾಕ್ಟರು ಅವಳ ನಾಡಿಯ ಮೇಲಿಂದ ಬೆರಳು ತೆಗೆಯದೆ ನರ್ಸಿಗೆ ಡ್ರಿಪ್ ಸಿದ್ಧ ಮಾಡಲು ಹೇಳಿದರು. "ಇದು ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನಾವು ಇಲ್ಲಿ ಲಕ್ವಾ ಹೊಡೆದಿದೆ ಅಂತ ಹುಡುಕ್ತಾ ಕೂರ್ತಿದ್ವಿ" ಎಂದರು. ಹನಿ ಹನಿಯಾಗಿ ಉಪ್ಪು ಮೈಗೆ ಇಳಿಯಿತು. ಸಂಜೆಗೆ ಕಾಲಿನ ಹೆಬ್ಬೆರಳು ಅಲುಗಿತು. ಅದನ್ನು ಮೊದಲು ಕಂಡದ್ದು ಹಬೀಬುಲ್ಲಾ. ಕಂಡವನೇ ಹೊರಗೆ ಹೋಗಿ, ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದ.

ಬದುಕಿ ಮನೆಗೆ ಬಂದ ಅಫ್ಸರಳಿಗೆ ಮೊದಲು ಎದುರಾದದ್ದು ಊರಿನ ಬಾಯಿ. ಗಡ್ಡೆಯ ಕಥೆ ಮುಗಿದಿತ್ತು. ದಪ್ಪ ಇಳಿಸಲು ಕರುಳು ಕೊಯ್ಸಿಕೊಂಡವಳು ಎಂದು ಬಾವಿಗೆ ಬಂದ ಹೆಂಗಸರು ಕಿಸಕ್ಕೆಂದರು. ಅಫ್ಸರಳಿಗೆ ದ್ಯಾಮಮ್ಮನ ಮೇಲೆ ಉರಿಯಿತು. ಆಣೆ ಹಾಕಿ ಮುರಿದಳು. ಮುರಿಯುವುದಾದರೆ ಕಿವಿಯಲ್ಲಿ ಹೇಳಬಾರದಿತ್ತೇ, ಸಂತೆಯ ನಡುವೆ ಕೂಗಬೇಕಿತ್ತೇ? ಕಿವಿಯಲ್ಲಿ ಹೇಳಲು ಒಳಗೆ ಬಿಟ್ಟವರು ಯಾರು ಎಂದು ಒಳಗೇ ಇನ್ನೊಂದು ಮಾತು ಏಳುತ್ತಿತ್ತು. ಅದನ್ನು ಅದುಮುತ್ತಿದ್ದಳು.

ಆದರೆ ಮನೆಯಲ್ಲಿ ಒಂದು ಬದಲಾಗಿತ್ತು. ಸರ್ವರ್ ಬೀ ದಿನಾ ಬೆಳಿಗ್ಗೆ ಔಷಧಿಯ ಲೋಟ ಹಿಡಿದು ಬಂದು, ಸೊಸೆ ನುಂಗುವವರೆಗೆ ಸರಿಯುತ್ತಿರಲಿಲ್ಲ. "ಬಾಯಿ ತೆಗಿ, ತೋರಿಸು" ಎನ್ನುತ್ತಿದ್ದಳು, ಮಗುವಿಗೆ ಹೇಳುವ ಹಾಗೆ. ಒಂದು ದಿನ ಲೋಟ ಇಸಿದುಕೊಳ್ಳುತ್ತ, "ಹೆಚ್ಚು ಬಡಿಸಿದ್ದು ನಾನೇ. ನಿನ್ನನ್ನ ಕೊಲ್ಲೋದಕ್ಕಲ್ಲ" ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ದ್ಯಾಮಮ್ಮ ಸಂತೆಗೆ ಬರುವುದನ್ನು ನಿಲ್ಲಿಸಿದ್ದಳು. ಅವಳ ಊರಿನ ಚೌಡಪ್ಪ ಎಂಬವನು ಕಂಬಳಿ ತಂದು ಹಾಕಿ ಹೋಗುತ್ತಿದ್ದ. ಕೇಳಿದರೆ, "ಆಯಮ್ಮ ಈಗ ಎಲ್ಲೂ ಹೋಗಾದಿಲ್ರಿ. ಊಟಾನೂ ಅಷ್ಟಕ್ಕಷ್ಟೇ" ಎಂದ.

ಮಳೆಗಾಲಕ್ಕೆ ಮುಂಚೆ, ಕಾಲಿಗೆ ಬಲ ಬಂದ ಮೇಲೆ, ಅಫ್ಸರ್ ಸೊರಬದ ಬಸ್ಸು ಹತ್ತಿದಳು. ಗಂಡ ಜೊತೆಗೆ ಬರುತ್ತೇನೆಂದರೂ ಬೇಡವೆಂದಳು. ಬಸ್ಸಿಳಿದು ಕೇಳುತ್ತ ಹೋದರೆ ದ್ಯಾಮಮ್ಮ ಕುರಿದೊಡ್ಡಿಯ ಮುಂದೆ ಕುಳಿತು ಉಣ್ಣೆ ನೂಲುತ್ತಿದ್ದಳು. ಮೊದಲೇ ಕಡ್ಡಿ, ಈಗ ಕಣ್ಣು ಗುಳಿಬಿದ್ದಿದ್ದವು. ಕೆಳತುಟಿಯ ಹಿಂದೆ ತಂಬಾಕು ಉಬ್ಬಿತ್ತು.

"ಬಂದ್ರಾ," ಎಂದಳು. ಕೈಯಲ್ಲಿದ್ದ ಕದಿರು ನಿಲ್ಲಲಿಲ್ಲ.

"ಬಂದೆ. ನನಗೆ ಇನ್ನೂ ಸಿಟ್ಟಿದೆ ದ್ಯಾಮಕ್ಕ. ಇಡೀ ಊರಿನ ಮುಂದೆ ನನ್ನ ಮಾನ ಕಳೆದ್ರಿ."

"ಕಳೆದೆ. ಆಣೆ ಮುರಿದೆ ಅಂತ ನಂಗೂ ತುತ್ತು ಇಳೀತಿಲ್ಲ. ಆದ್ರೆ ಇನ್ನೊಂದು ಸಲ ಆದ್ರೂ ಕೂಗಾದೇ."

ಅಫ್ಸರ್ ಜಗಲಿಯ ಅಂಚಿನಲ್ಲಿ ಕುಳಿತಳು. ಕೈ ಚಾಚಿ, "ಅದನ್ನ ಉಗುಳಿ ಬನ್ನಿ" ಎಂದಳು. "ಚೀಲಾನೂ ಕೊಡಿ ಇಲ್ಲಿ. ಎಷ್ಟು ದಿನದಿಂದ ಮತ್ತೆ ಶುರುವಾಯ್ತು?"

ದ್ಯಾಮಮ್ಮ ಅವಳನ್ನು ಅಳೆಯುವಂತೆ ನೋಡಿದಳು. ಕದಿರನ್ನು ಕೆಳಗಿಟ್ಟು ಎದ್ದು ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದಳು. ಸೊಂಟದ ಚೀಲ ಬಿಚ್ಚಿ ಕೊಟ್ಟಳು. ಒಳಗಿನಿಂದ ಗಂಜಿ ತಂದು ಇಬ್ಬರ ನಡುವೆ ಇಟ್ಟಳು. ಒಬ್ಬರನ್ನೊಬ್ಬರು ಕಾಯುತ್ತ, ನಿಧಾನವಾಗಿ, ಸೌಟಿನಷ್ಟು ಗಂಜಿಯನ್ನು ಕುಡಿದು ಮುಗಿಸಿದರು.

ಮುಂದಿನ ಸಂತೆಗೆ ದ್ಯಾಮಮ್ಮ ಕಂಬಳಿ ಹೊತ್ತು ಬಂದಳು. ಸರ್ವರ್ ಬೀ ಬಾಗಿಲಲ್ಲಿ ಸರಿದು ದಾರಿ ಬಿಟ್ಟಳು, ಮಾತಾಡಲಿಲ್ಲ; ಮಾತಾಡಲು ಇನ್ನೂ ಹಲವು ಸಂತೆ ಬೇಕಾದವು. ಬಳ್ಳಿಗಾವಿಯ ಗುಡ್ಡಮ್ಮ ಎಂಬ ಇನ್ನೊಬ್ಬಳು, ಅವಳದೂ ಹೊಟ್ಟೆಹುಣ್ಣಿನ ಆಪರೇಷನ್, ದ್ಯಾಮಮ್ಮನ ಕೂಗಿನ ಸುದ್ದಿ ಕೇಳಿ ತಾನೇ ಹುಡುಕಿಕೊಂಡು ಬಂದು ಬಾವಿಯ ಪಕ್ಕ ಮೂರನೆಯವಳಾಗಿ ಕುಳಿತಳು. ಔಷಧಿ ಕುಡಿದರೂ ಅಫ್ಸರಳ ಮೈ ಪೂರ್ತಿ ಹದಕ್ಕೆ ಬರಲಿಲ್ಲ. ಎಪ್ಪತ್ತೊಂಬತ್ತರಲ್ಲಿ ಬೊಂಬಾಯಿಯ ಅದೇ ಡಾಕ್ಟರು, ಇಂಥ ಆಪರೇಷನ್ನಿನಿಂದ ತೊಂದರೆಪಟ್ಟವರನ್ನು ಬಹಳ ಕಂಡು, ಬದಿಗಿಟ್ಟ ಕರುಳನ್ನು ಮತ್ತೆ ಜೋಡಿಸಿಬಿಡುವುದೇ ಕ್ಷೇಮ ಎಂದರು. ಜೋಡಿಸಿದರೆ ಮೈ ಮತ್ತೆ ಬರುತ್ತದೆ ಎಂಬ ಹೆದರಿಕೆಗೆ ಅವಳು ಊಟ ಬಿಟ್ಟು ಎರಡು ದಿನ ಮಲಗಿದಳು. ಎಬ್ಬಿಸಿದ್ದು ದ್ಯಾಮಮ್ಮ. "ಬಂದ್ರೆ ಬರ್ಲಿ. ಆಗ ಬಾಯಿ ಕಾಯಾಕೆ ನಾವಿಬ್ರು ಇರ್ಲಿಲ್ಲ, ಈಗ ಇದ್ದೀವಿ" ಎಂದಳು.

ಕರುಳು ಜೋಡಿಸಿದ ಮೇಲೆ ಮೈ ಬಂತು, ಆದರೆ ಅರ್ಧದಷ್ಟೇ ಬಂತು. ಬಸ್ಸಿನ ಬಾಗಿಲಲ್ಲಿ ಸ್ವಲ್ಪ ಓರೆಯಾಗಿ ಹತ್ತಬೇಕಾಗುತ್ತಿತ್ತು, ಆದರೂ ಹತ್ತುತ್ತಿದ್ದಳು. ಸಂತೆಯ ಹಿಂದಿನ ದಿನ ನೆಂಟರು ಬಂದು ಮನೆಯಲ್ಲಿ ಬಿರಿಯಾನಿಯಾದರೆ, ಮೊದಲ ತುತ್ತಿಗೇ ಅವಳು ನಾಳೆ ದ್ಯಾಮಕ್ಕನಿಗೆ ಏನೆಂದು ಹೇಳಲಿ ಎಂದು ಯೋಚಿಸುತ್ತಿದ್ದಳು. ಕೆಲವು ಸಲ ಕೈ ತಡೆಯುತ್ತಿತ್ತು. ಕೆಲವು ಸಲ ತಡೆಯದೆ ಉಂಡು, ಮರುದಿನ ಬಾವಿಯ ಬಳಿ ಹೋಗಿ ಉಂಡದ್ದನ್ನು ಹೇಳಿ ಬೈಸಿಕೊಳ್ಳುತ್ತಿದ್ದಳು.